ಕರಡಿಗೆಯ ಕೆಳಗೆ

ವಿದ್ಯಾರಣ್ಯಪುರಂ, ಮೈಸೂರು
೯ ಫೆಬ್ರವರಿ ೨೦೨೫, ಭಾನುವಾರ

ನನ್ನ ಮುದ್ದು ತಮ್ಮ ಚಂದ್ರಮೌಳಿಗೆ,

ಹೇಗಿದ್ದೀಯೋ? ಮಂಡಿನೋವು ಇಳೀತಾ? ದಾವಣಗೆರೆಯಲ್ಲಿ ಬಿಸಿಲು ಶುರುವಾಗಿರಬೇಕು, ತಲೆಗೆ ಟೋಪಿ ಹಾಕ್ಕೋ. ನಾನು ನಿನಗೆ ಹಾಕಿದ ಟೋಪಿಗಳೆಲ್ಲ ಇನ್ನೂ ಇರಬೇಕಲ್ಲ! ಫೋನಿನಲ್ಲಿ ಹೇಳಿದರೆ ನಗ್ತೀಯ ಅಂತ ಕಾಗದ ಬರೀತಿದ್ದೀನಿ.

ಎದೆಯ ಗಂಟು ತೆಗೆಸಿ ವರ್ಷವಾಯ್ತಲ್ಲ. "ಗಂಡಸಿಗೆ ಸ್ತನದ ಕ್ಯಾನ್ಸರಾ? ಇದೊಂದು ಹೊಸ ತಮಾಷೆ, ಬುಡಿ" ಅಂತ ನಿನ್ನ ಅತ್ತಿಗೆ ಪ್ರೇಮಲೀಲಾ ಆಗ ನಗಾಡಿದ್ದಳು. ಮೊನ್ನೆ ಬೆನ್ನಿನ ನೀರು ತೆಗೆದು ನೋಡಿದ ಡಾಕ್ಟರಮ್ಮ, ಅದು ನರಕ್ಕೆ ಹೋಗಿದೆ ಅಂದರು. "ನರನಿಗೆ ಬಂದದ್ದು ನರಕ್ಕೆ ಹೋಯ್ತಾ? ಇನ್ನೊಂದು 'ಕ' ಸೇರಿದರೆ ನರಕಕ್ಕೇ ಬುಡಿ" ಅಂದೆ. ಆಯಮ್ಮ ನಗಲಿಲ್ಲ.

ಈಚೆಗೆ ಏನೇನೋ ಆಗ್ತಿದೆ. ಗಲ್ಲ ಮರಗಟ್ಟಿದೆ. ಶೇವ್ ಮಾಡುವಾಗ ಯಾರದೋ ಗಡ್ಡ ಹೆರೆದ ಹಾಗಾಗುತ್ತೆ, ಗಲ್ಲ ನನ್ನದಲ್ಲ. ಪ್ರೇಮಲೀಲಾ ಇಬ್ಬರಾಗಿ ಕಾಣ್ತಾಳೆ. ಒಬ್ಬಳ ಬೈಗುಳವೇ ಸಾಕಾಗಿತ್ತು ಅಂತ ಛೇಡಿಸಿದೆ. ಅವಳು ನಕ್ಕಳು. ಪಕ್ಕದಲ್ಲಿದ್ದವಳು ನಗಲಿಲ್ಲ.

ಎಡ ಭುಜದ ಹಿಂದೆ ಯಾರೋ ನಿಂತಿರುತ್ತಾರೆ. ತಿರುಗಿದರೆ ಗೋಡೆಯ ಕ್ಯಾಲೆಂಡರ್ ಮಾತ್ರ. ಅಪ್ಪನೂ ಕೊನೇ ವರ್ಷ "ಹಿಂದೆ ಯಾರೋ ಅದು, ನಿಂತಿರೋದು?" ಅಂತಿದ್ದರು, ಜ್ಞಾಪಕ ಇದೆಯಾ? ಗಾಳಿ ಸೋಕಿದೆ ಅಂತ ವಿಭೂತಿ ಹಚ್ಚಿದೆವು. ಕೊರಳಿನ ಲಿಂಗದ ಕರಡಿಗೆಯನ್ನು ಎಡದಿಂದ ಬಲಕ್ಕೆ ಸರಿಸ್ಕೋತಿದ್ದರು, "ಒತ್ತುತ್ತೆ ಕಣೋ" ಅಂತ. ನನ್ನ ಗಂಟೂ ಸಿಕ್ಕಿದ್ದು ಅಲ್ಲೇ, ಕರಡಿಗೆ ಕೆಳಗೆ. ಬೆಳ್ಳಿ ಉಜ್ಜಿ ಉಜ್ಜಿ ದಪ್ಪಗಾಗಿದೆ ಅಂತ ವರ್ಷಗಟ್ಟಲೆ ಸುಮ್ಮನಿದ್ದೆ. ಈಗ ಬೆನ್ನ ಹಿಂದೆ ಕೇಳೋದು ಅಪ್ಪನದೇ ಕೆಮ್ಮು. ಹಿಂದೆ ಇದ್ದವರು ಹಿಂದೆಯೇ ನಿಂತಿದ್ದಾರೆ.

ನಿನ್ನ ಮಗಳಿಗೆ ನನ್ನ ಆಶೀರ್ವಾದ ಹೇಳು. ನಿನಗೆ ಯಾವಾಗಲೂ ಎದೆ ಗಟ್ಟಿಯಾಗಿರಲಿ ಅಂತ ಹರಸ್ತಿದ್ದೆ. ಇನ್ಮೇಲೆ ಮೆತ್ತಗಿರಲಿ ಅಂತ ಹರಸ್ತೀನಿ.

ನಿನ್ನ ಕೀಟಲೆ ಅಣ್ಣ,
ಸದಾಶಿವಯ್ಯ

ಮರೆತಿದ್ದೆ: ದೀಪಾವಳಿಗೆ ಬಂದಾಗ ಪೂಜೆ ಮುಗಿಸಿ ನೀನೂ ಕರಡಿಗೆಯನ್ನು ಬಲಕ್ಕೆ ಸರಿಸಿದೆ. "ಒತ್ತುತ್ತೆ ಕಣಣ್ಣ" ಅಂದೆ. ಕಾಗದ ಕೈಗೆ ಸಿಕ್ಕ ದಿನವೇ ಡಾಕ್ಟರ ಹತ್ತಿರ ಹೋಗಿ ತೋರಿಸ್ಕೋ. ನಾಚಿಕೆ ಬೇಡ. ವಂಶದಲ್ಲೇ ಇಳಿದು ಬರಬಹುದಂತೆ, ಮಗಳಿಗೂ ಹೇಳು. ಆ ಕಾಲದಲ್ಲಿ ನಾನು ಸತ್ತೆ ಅಂತ ಸುಳ್ಳು ತಂತಿ ಕೊಟ್ಟು ನಿನ್ನನ್ನು ಓಡಿಬರೋ ಹಾಗೆ ಮಾಡಿದವನೇ ಬರೀತಿರೋದು, ನಿಜ. ಆದರೆ ಇದು ತಮಾಷೆ ಅಲ್ಲ. ಇವತ್ತು ಬೆಳಗ್ಗೆಯಿಂದ ನನ್ನ ಹಿಂದೆ ಯಾರೂ ಇಲ್ಲ ಕಣೋ. ನಿನ್ನ ಕಡೆ ಹೊರಟುಬುಟ್ಟರೇನೋ.