ಅವ್ವನಿಗೆ ‘ರಿ’ ಹಚ್ಚಿದ್ದು

ಡಿಸೆಂಬರ್ 11, 1987, ಶುಕ್ರವಾರ

ಇವತ್ತೂ ಚಮಚ ಒರೆಸುವುದೇ ಕೆಲಸ. ಮಳೆಗಾಲದಲ್ಲಿ ಕಾಲುವೆ ನೀರು ನುಗ್ಗಿ ಮುಚ್ಚಿದ್ದ ಪಾರ್ಕು ಇಪ್ಪತ್ತನೇ ತಾರೀಖಿಗೆ ಮತ್ತೆ ಓಪನ್. ಪುಟಾಣಿ ರೈಲಿಗೆ ಹೊಸ ಬಣ್ಣ. ಕಾರಂಜಿ ರಿಪೇರಿ. ಊಟದ ಹಾಲ್ ಮಾತ್ರ ಪೂರ್ತಿ ಬೇರೆ — ಬೆಂಚು ಹೋಯಿತು, ಬಾಳೆಲೆ ಹೋಯಿತು. ಇನ್ನು ಬಫೆ. ಮಂದಿ ತಟ್ಟೆ ಹಿಡಿದು ಸಾಲಿನಲ್ಲಿ ಬಂದು ತಾವೇ ಹಾಕಿಕೊಳ್ಳಬೇಕು. ಕಮಲಾಪುರದ ಸುತ್ತ ಬಾಳೆತೋಟ ಇಟ್ಟುಕೊಂಡು ಎಲೆ ಬೇಡವಂತೆ!

ಅಡುಗೆ ಮೂಕಣ್ಣ: “ಬಫೆ ಅಲ್ಲೋ, ಬಫೆಲೋ. ಎಮ್ಮಿ ಹಂಗ ನಿಂತು ಮೇಯಾದು.”

ಧಣಿ ಭರಮಣ್ಣನವರು ನನಗೊಂದು ಬೋ ಟೈ ಕೊಟ್ಟರು. ಎಂಜಲೆಲೆ ಎತ್ತುತ್ತಿದ್ದವನು ಈಗ ಊಟದ ಹಾಲಿನ ಕ್ಯಾಪ್ಟನ್! ಹೊಸ ವರ್ಷದ ತನಕ ಟ್ರಯಲ್.

“ಎರಡ ಮಾತು, ಓಬಳೇಶ. ಯಾರಿಗೂ ಬಡಸಬ್ಯಾಡ. ಎಲ್ಲಾರಿಗೂ ‘ರಿ’ ಹಚ್ಚಿ ಮಾತಾಡು.” ಆಮೇಲೆ ಕೇಳಿದರು, “ಯಾವ ಓಣಿ ನಿಂದು?”

“ಬಸ್ ಸ್ಟ್ಯಾಂಡ್ ಹಿಂದ್ರಿ.”

ಸುಳ್ಳಲ್ಲ. ಬಸ್ ಸ್ಟ್ಯಾಂಡ್ ಹಿಂದೆ ಹೋಗುತ್ತಾ ಹೋಗುತ್ತಾ ಹೋದರೆ ನಮ್ಮ ಕೇರಿಯೇ. ಕೇರಿ ಹೆಸರು ಹೇಳಿದ್ದರೆ ಅನ್ನದ ಪಾತ್ರೆ ಹತ್ತಿರ ನನ್ನನ್ನು ನಿಲ್ಲಿಸುತ್ತಿದ್ದರೋ ಇಲ್ಲವೋ... ಯಾಕೆ ಬೇಕು ಆ ಪರೀಕ್ಷೆ.

ಡಿ. 13

ಅವ್ವ ಕಬ್ಬಿನ ಒಣಗಿದ ಎಲೆ, ರವದಿ, ಬಿಡಿಸಿ ಬಂದಿದ್ದಳು. ಕೈ ತುಂಬ ಗೀರು. ಬಫೆ ಅಂದರೇನು ಅಂತ ಹೇಳಿದೆ.

“ತಾಟು ಹಿಡಕಂಡು ನಿಂತು ಉಣ್ಣಾದೇನು? ಗೌಡ್ರ ಮದ್ವ್ಯಾಗ ಹೊರಗ ನಾವು ಹಂಗ ಉಣ್ತಿದ್ದಿಲ್ಲೇನಲೇ? ಈಗ ಅದಕ್ಕ ರೊಕ್ಕ ಬ್ಯಾರೆ ಕೊಡ್ತಾರ? ಹುಚ್ಚು ಮಂದಿ!”

ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಓಪನಿಂಗ್ ದಿನ ಕೆಲಸದವರು ಮನೆಯಿಂದ ಒಬ್ಬರನ್ನು ಊಟಕ್ಕೆ ಕರೆತರಬಹುದು ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಡಿ. 20, ಭಾನುವಾರ, ಸಂಜೆ

ಥೂ ನನ್ನ ಜನ್ಮಕ್ಕೆ.

ಅವ್ವ ಬಂದಿದ್ದಳು. ನಾನು ಕರೆಯಲಿಲ್ಲ — ಪಕ್ಕದ ಮನೆ ವಿರುಪಮ್ಮ, ಪಾರ್ಕಿನಲ್ಲಿ ಕಳೆ ಕೀಳುವವಳು, ತನ್ನ ಕಡೆಯವಳು ಅಂತ ಒಳಗೆ ಬಿಟ್ಟು ತಾನು ಕೆಲಸಕ್ಕೆ ಹೋದಳು. ಹಸಿರು ಇಳಕಲ್ ಸೀರೆ. ತಲೆಗೆ ಎಣ್ಣೆ. ಸೀದಾ ಬಂದು ಸಾಲಿನಲ್ಲಿ ನಿಂತಳು. ಹಿಂದೆ ಸಂಡೂರಿನ ಗಣಿ ಧಣಿಯ ಹೆಂಡತಿ.

ಅನ್ನದ ಪಾತ್ರೆ ಮುಂದೆ ಬಂದು ನಿಂತೇಬಿಟ್ಟಳು. ಸೌಟು ಮುಟ್ಟಲೊಲ್ಲಳು. ಎರಡೂ ಕೈಯಲ್ಲಿ ತಟ್ಟೆ ಚಾಚಿ, ಯಾರಾದರೂ ಹಾಕಲಿ ಅಂತ. ಮಂದಿಯ ಅನ್ನದ ಪಾತ್ರೆಗೆ ಹುಟ್ಟಿದಾಗಿನಿಂದ ಕೈ ಹಚ್ಚಿದವಳೇ ಅಲ್ಲ, ಹಾಕಿದ್ದನ್ನು ಉಂಡವಳು. ಇದು ನನಗೆ ಹೊಳೆಯಬೇಡವೇ? ಬಫೆಯ ಬಗ್ಗೆ ಅಷ್ಟೆಲ್ಲ ಹೇಳಿದವನು ನಾನೇ.

ಸಾಲು ನಿಂತಿತು. “ಮುಂದ ನಡೀಬೇ ಮುದುಕಿ” ಅಂದಳು ಗಣಿ ಹೆಂಗಸು. ಅವ್ವ ನನ್ನನ್ನು ನೋಡಿದಳು. ಮುಖ ಅರಳಿತು. ತಟ್ಟೆ ನನ್ನ ಕಡೆ ತಿರುಗಿಸಿದಳು. ಕಂಬದ ಹತ್ತಿರ ಭರಮಣ್ಣನವರು ನೋಡುತ್ತಿದ್ದರು.

“ನೀವ ಹಾಕ್ಕೋಬೇಕ್ರಿ ಅಮ್ಮಾ. ತಗೊಳ್ರಿ.”

ಹಡೆದವಳಿಗೆ! ಹುಟ್ಟಿದಾಗಿನಿಂದ ‘ತಗೋ ಯವ್ವಾ, ಬಾ ಯವ್ವಾ’ ಅಂದ ಬಾಯಿ.

ಒಂದು ಕ್ಷಣ ನನ್ನನ್ನೇ ನೋಡಿದಳು. ತಿಳಿಯಿತು ಆಕೆಗೆ. “ಹೌದೇನ್ರಿ ಸಾಹೇಬ್ರ? ತಪ್ಪಾತ್ರಿ” ಅಂದಳು. ಖಾಲಿ ತಟ್ಟೆಯನ್ನು ತೆಗೆದ ಜಾಗದಲ್ಲೇ ಇಟ್ಟು ಹೊರಗೆ ಹೋದಳು.

ಆಮೇಲೆ ಭರಮಣ್ಣನವರು: “ಯಾರಪಾ ಆಕಿ? ಪರಿಚಯ ಏನು?”

“ಇಲ್ರಿ. ಕಳೆ ಕೀಳೋ ವಿರುಪಮ್ಮನ ಕಡ್ಯಾಕಿ ಇರಬೇಕು.”

“ಭೇಷ್. ಅಂಥಾಕಿಗೂ ಸಿಟ್ಟಾಗದ ‘ರಿ’ ಅಂದಿ ನೋಡು, ಅದು ಬೇಕು. ಟ್ರಯಲ್ ಗಿಯಲ್ ಬ್ಯಾಡ. ನಿನ್ನ ಕೆಲಸ ಕಾಯಂ.”

ಕೈ ಕುಲುಕಿದರು. ಕುಲುಕಿಸಿಕೊಂಡೆ.

ಡಿ. 29

ಬರೆಯಲು ಮನಸ್ಸಿಲ್ಲ. ಅವ್ವ ಆ ದಿನದ ಸುದ್ದಿಯನ್ನೇ ಎತ್ತುವುದಿಲ್ಲ. ಎರಡು ಬೈದಿದ್ದರೆ ಆಗುತ್ತಿತ್ತು. ಹೊತ್ತಿಗೆ ಸರಿಯಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ನಾನೇ ಮಾತು ತೆಗೆಯೋಣ ಅಂದುಕೊಳ್ಳುತ್ತೇನೆ, ಇನ್ನೊಂದು ರೊಟ್ಟಿ ಕೇಳುತ್ತೇನೆ.

ಇವತ್ತು ಜಗಲಿ ಮೇಲೆ ವಿರುಪಮ್ಮನ ಹತ್ತಿರ ಹೇಳುತ್ತಿದ್ದಳು. ಒಳಗಿದ್ದ ನನಗೆ ಕೇಳಿತು.

“ಹೊಟ್ಟಿ ತುಂಬ ಉಂಡೆ ನಮ್ಮವ್ವಾ, ಭಾಳ ಮಸ್ತ್ ಇತ್ತು. ನನ್ನ ಮಗ ಎಲ್ಲಾರ ಮುಂದ ನನಗ ‘ರಿ’ ಅಂದ! ಅಷ್ಟು ದೊಡ್ಡ ಮಂದ್ಯಾಗ ಇಲ್ಲಿತನಕ ಯಾವ ಮಗ ಅಂದಾನ ನಮ್ಮ ಕೇರಿ ಮಂದಿಗೆ ‘ರಿ’?”

ಉಂಡದ್ದು ಸುಳ್ಳು. ನನ್ನ ಮಾನ ಮುಚ್ಚುತ್ತಿದ್ದಾಳೆ. ಆದರೆ ಕೊನೆಯ ಆ ಮಾತು ಸುಳ್ಳಲ್ಲ — ಯಾರೂ ಅಂದಿಲ್ಲ.

ಜನವರಿ 3, 1988, ಭಾನುವಾರ, ದೀಪ ಹಚ್ಚುವ ಹೊತ್ತು

ಈ ಸಲ ಟಿಕೀಟು ತಗೊಂಡು ಬಂದರು. ಅವ್ವ, ವಿರುಪಮ್ಮ, ನಮ್ಮ ಕೇರಿಯ ಎರ್ರೆಮ್ಮತ್ತೆ. ದೂರದಿಂದಲೇ ನೋಡಿದೆ. ಈ ಸಲ ‘ಯವ್ವಾ’ ಅಂದೇ ಅನ್ನುತ್ತೇನೆ, ಕೆಲಸ ಹೋದರೆ ಹೋಗಲಿ ಅಂತ ಆಣೆ ಮಾಡಿಕೊಂಡೆ.

ಅವ್ವನೇ ಮುಂದೆ. ಸೌಟು ಹಿಡಿದಳು. ಎರಡು ಅಗುಳು ಮೇಜಿನ ಬಟ್ಟೆ ಮೇಲೆ ಬಿದ್ದವು. ಆದರೂ ಹಾಕಿಕೊಂಡಳು. ಹಿಂದಿನವರಿಗೆ, “ಹಿಂಗ ಹಿಡೀರಿ. ಅಂಜಬ್ಯಾಡ್ರಿ” ಅಂದಳು. ಭರಮಣ್ಣನವರು ನನ್ನ ಮಗ್ಗುಲಲ್ಲೇ ಇದ್ದರು.

ಅವ್ವ ನನ್ನ ಮುಂದೆ ನಿಂತು ತಟ್ಟೆ ತೋರಿಸಿದಳು. “ಬರೋಬರಿ ಐತೇನ್ರಿ ಸಾಹೇಬ್ರ?”

ಯವ್ವಾ — ನಾಲಿಗೆ ತುದಿಯಲ್ಲೇ ಇತ್ತು.

“ಐತ್ರಿ ಅಮ್ಮಾ” ಅಂದೆ.

ಮನೆಗೆ ಬರುವಾಗ ದಾರಿಯಲ್ಲಿ ಸಿಕ್ಕ ವಿರುಪಮ್ಮ ಹೇಳಿದಳು. ಗೇಟಿನ ಹತ್ತಿರವೇ ಅವ್ವ ಇಬ್ಬರಿಗೂ ತಾಕೀತು ಮಾಡಿದ್ದಳಂತೆ — “ಒಳಗ ಅವನ್ನ ಯಾರೂ ಮಾತಾಡಿಸಬ್ಯಾಡ್ರಿ. ನನ್ನ ಮಗ ಅಂತ ಬಾಯಿ ಬಿಡಬ್ಯಾಡ್ರಿ.”

ಈಗ ಒಲೆ ಮುಂದೆ ಕೂತಿದ್ದಾಳೆ. ಖುಷಿಯಾಗಿದ್ದಾಳೆ. ನಗುತ್ತಾ ಕರೆಯುತ್ತಿದ್ದಾಳೆ, “ಬರ್ರಿ ಸಾಹೇಬ್ರ, ರೊಟ್ಟಿ ಆರ್ತಾವ. ನಮ್ಮನ್ಯಾಗ ನಾನ ಬಡಸ್ತೀನಿ, ಕುಂದರ್ರಿ.”

ಚೇಷ್ಟೆಗೇ ಅಂತ ಗೊತ್ತು. ಏಳಬೇಕು. ಹೋಗಿ ಆಕೆಯ ಮುಂದೆ ತಟ್ಟೆ ಹಿಡಿದು, ‘ಹಾಕು ಯವ್ವಾ’ ಅಂತ—