ಎಳೆದರೆ ಹರಿಯುವ ದಾರ

ತರಬೇತಿ ಶಿಬಿರ, ಕಾವ್‌ಶ್ಯುಂಗ್
ಅಕ್ಟೋಬರ್ ಹತ್ತೊಂಬತ್ತು, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯಮ್ಮ? ಮೊಣಕಾಲಿಗೆಂದು ಕಳಿಸಿದ ನೋವಿನ ಪಟ್ಟಿ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಅದನ್ನೂ ಪಕ್ಕದ ಮನೆಯವರಿಗೆ ದಾನ ಮಾಡಿದೆಯೋ? ಕಡಲೆಕಾಯಿ ಒಣಗಿತೇ? ಈಶಾನ್ಯ ಗಾಳಿ ಏಳುವ ಮೊದಲೇ ಒಳಗೆ ತೆಗೆದಿಡು, ಹೋದ ವರ್ಷದ ಹಾಗೆ ಅರ್ಧ ಫಸಲನ್ನು ಮೀನುಗಳಿಗೆ ಉಣಿಸಬೇಡ. ನಾನು ಚೆನ್ನಾಗಿದ್ದೇನೆ. ಹೊಟ್ಟೆ ಇದ್ದಲ್ಲೇ ಇದೆ, ಕೂದಲು ಮಾತ್ರ ರಜೆ ಕೇಳದೆ ಹೋಗುತ್ತಿದೆ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಕಾಗದ. ಫೋನಾದರೆ ಕುಕ್ಕಿ ಇಟ್ಟುಬಿಡಬಹುದು. ಕಾಗದವನ್ನು ಸಿಯೊಕ್ ಎದುರು ಕೂತು ಓದುತ್ತಿದ್ದರೆ ಸ್ವಂತ ಮಗಳ ಬಾಯನ್ನು ಎಷ್ಟೆಂದು ಮುಚ್ಚುತ್ತೀ? ತಂಗೀ ಸಿಯೊಕ್, ನಿನಗೊಂದು ಮಾತು. ಅಮ್ಮನಿಗೆ ಹೆದರಿಕೆಯಾಗುತ್ತದೆಂದು ನಡುನಡುವೆ ಹಾರಿಸಿ ಓದಬೇಡ. ನಿನ್ನ ಬುದ್ಧಿ ನನಗೆ ಗೊತ್ತು. ಇದ್ದದ್ದು ಇದ್ದ ಹಾಗೆ ಓದು.

ಅಮ್ಮಾ, ಇಲ್ಲಿ ನಮಗೆ ಮುಳುಗುವುದನ್ನು ಕಲಿಸುತ್ತಾರೆ. ನಗಬೇಡ, ನಿಜವಾಗಿ. ಸಮುದ್ರದ ಮೇಲೆ ಹೆಲಿಕಾಪ್ಟರ್ ಹಾರಿಸುವವರೆಲ್ಲ ಕೆಲವು ವರ್ಷಕ್ಕೊಮ್ಮೆ ಬಂದು ಈ ಪರೀಕ್ಷೆ ದಾಟಬೇಕು. ಇಲ್ಲವಾದರೆ ನೀರಿನ ಮೇಲೆ ಹಾರಲು ಬಿಡುವುದಿಲ್ಲ. ದೊಡ್ಡ ಕೊಳದ ಮೇಲೆ ಕಬ್ಬಿಣದ ಒಂದು ಡಬ್ಬ ತೂಗುಹಾಕಿದ್ದಾರೆ. ಒಳಗೆ ನಮ್ಮ ಯಂತ್ರದಲ್ಲಿರುವಂಥದ್ದೇ ಸೀಟು, ಬೆಲ್ಟು, ಕಿಟಕಿ. ನಮ್ಮನ್ನು ಕೂರಿಸಿ, ಕಟ್ಟಿ, ಧೊಪ್ಪನೆ ನೀರಿಗೆ ಬಿಡುತ್ತಾರೆ. ಬಿದ್ದ ಹೆಲಿಕಾಪ್ಟರ್ ತಲೆಕೆಳಗಾಗಿಯೇ ಮುಳುಗುವುದು, ಎಂಜಿನ್ ಭಾರವೆಲ್ಲ ಮೇಲಿರುತ್ತದಲ್ಲ. ಅದಕ್ಕೇ ಈ ಡಬ್ಬವೂ ನೀರೊಳಗೆ ಹೋಗಿ ಮಗುಚಿಕೊಳ್ಳುತ್ತದೆ. ಎಲ್ಲರೂ ಇದನ್ನು ಕಡುಬಿನ ಪಾತ್ರೆ ಎನ್ನುತ್ತಾರೆ. ಕುದಿಯುವ ನೀರಿಗೆ ಬಿಟ್ಟ ಕಡುಬು ಬೆಂದರೆ ತಾನೇ ಮೇಲೆ ತೇಲಿ ಬರುತ್ತದೆ, ನಾವು ಬಾರದಿದ್ದರೆ ಮುಳುಗುಗಾರರು ಕೈಹಾಕಿ ತೆಗೆಯುತ್ತಾರೆ. ಹದಿನೈದಕ್ಕೇ ಶಾಲೆ ಬಿಟ್ಟು ಸೇನೆಯ ಬಾಗಿಲು ಬಡಿದವನು ನಾನು, ಪುಸ್ತಕದ ಪರೀಕ್ಷೆ ಎಂದರೆ ಈಗಲೂ ಬೆವರುತ್ತೇನೆ. ಇದರಲ್ಲಿ ಬರೆಯುವುದೇನೂ ಇಲ್ಲ ಎಂದು ಪ್ರತಿ ಸಲ ನಗುತ್ತಲೇ ಬರುತ್ತಿದ್ದೆ. ಈ ಸಲ ಅಷ್ಟು ನಗು ಇರಲಿಲ್ಲ. ಖೋ ಹೋದ ಮೇಲೆ ನಮ್ಮ ಪಡೆಯಲ್ಲಿ ಯಾರೂ ನಗುತ್ತಾ ನೀರಿಗೆ ಇಳಿಯುವುದಿಲ್ಲ.

ಖೋನನ್ನು ನೀನು ಮರೆತಿರಲಾರೆ. ನನ್ನ ಜೊತೆ ಊರಿಗೆ ಬಂದಾಗ ನೀನು ಮಾಡಿದ ಮೀನಿನ ಗಂಜಿಯನ್ನು ಪಾತ್ರೆಯ ತಳ ಕೆರೆದು ತಿಂದವನು. "ಚಿಕ್ಕಮ್ಮಾ, ನನ್ನನ್ನೂ ದತ್ತು ತಗೊಳ್ಳಿ, ಇವನಿಗಿಂತ ಕಡಿಮೆ ತಿಂತೀನಿ" ಎಂದು ಸುಳ್ಳು ಹೇಳಿದವನು. ಹೋದ ಚಳಿಗಾಲ ಅವನ ಯಂತ್ರ ಸಮುದ್ರಕ್ಕೆ ಬಿದ್ದಾಗ ಒಳಗಿದ್ದ ಮೂವರಲ್ಲಿ ಇಬ್ಬರು ಕಿಟಕಿಯಿಂದ ಹೊರಬಂದರು. ಅವನು ಬರಲಿಲ್ಲ. ಅವನ ತಾಯಿ ನಮ್ಮ ದ್ವೀಪದ ದಡಕ್ಕೇ ಬಂದು, ಅವನ ಅಂಗಿಯನ್ನು ಬಿದಿರಿಗೆ ಕಟ್ಟಿ, ಹೆಸರು ಹಿಡಿದು ನೀರಿನಲ್ಲಿ ಉಳಿದ ಅವನ ಜೀವವನ್ನು ಕರೆದಳು. ಅವಳು ಬೀಳದ ಹಾಗೆ ಸೊಂಟ ಹಿಡಿದು ನಿಂತಿದ್ದವಳು ನೀನು. ಅವತ್ತು ಮನೆಗೆ ಬಂದು ನೀನು ಅಳಲಿಲ್ಲ ಎಂದು ಸಿಯೊಕ್ ಹೇಳಿದಳು. ನೆಟ್ಟಗೆ ಸಮುದ್ರ ಕಾಯುವ ಮಾಝು ತಾಯಿಯ ಗುಡಿಗೆ ಹೋದೆಯಂತೆ.

ಏನು ಕೇಳಿಕೊಂಡೆ ಎಂದು ನೀನೇ ನನಗೆ ಹೇಳಿದೆ, ಇಲ್ಲಿಗೆ ಹೊರಡುವ ಹಿಂದಿನ ದಿನ. "ಈ ಸಲ ನೀನು ಫೇಲಾಗ್ಲಿ ಅಂತ ಕೇಳ್ಕೊಂಡಿದೀನಿ ಕಣೋ. ಕಾಯಿ ಹಾಕಿ ಕೇಳ್ದೆ. ಮೂರು ಸಲವೂ ಹೂಂ ಅಂದ್ಲು ತಾಯಿ." ದೇವಿಯ ಹೂಂ, ಊಹೂಂ ತಿಳಿಸುವ ಆ ಅರ್ಧಚಂದ್ರದ ಎರಡು ಮರದ ಕಾಯಿಗಳು ನೆಲಕ್ಕೆ ಬಿದ್ದ ಸದ್ದು ನನಗೆ ಫೋನಿನಲ್ಲೇ ಕೇಳಿದ ಹಾಗಾಯಿತು. ನಾನೇನೆಂದೆ? "ಅಮ್ಮಾ, ಬೇರೆ ತಾಯಂದ್ರು ಮಗ ಪಾಸಾಗ್ಲಿ ಅಂತ ಹರಕೆ ಹೊರ್ತಾರೆ, ನಿನ್ನಂಥವಳು ಇಡೀ ಪೆಂಗ್‌ಹು ದ್ವೀಪಗಳಲ್ಲಿ ಇನ್ನೊಬ್ಬಳಿಲ್ಲ" ಎಂದು ನಕ್ಕೆ. ನೀನು ಫೋನ್ ಇಟ್ಟೆ. ಅಂದಿನಿಂದ ಎತ್ತಿಲ್ಲ.

ಈಗ ಕೇಳು. ಮೊದಲ ದಿನ ನೀರಿಗಿಳಿಯುವ ಮುಂಚೆ ಇಲ್ಲಿನ ಮುಖ್ಯ ಮುಳುಗುಗಾರ ಲೂ ಒಬ್ಬೊಬ್ಬರನ್ನೂ ತಡವಿ ನೋಡಿದ. ಗಿಡ್ಡ, ಗಟ್ಟಿ ಆಸಾಮಿ, ಕತ್ತೇ ಇಲ್ಲ, ಭುಜದ ಮೇಲೆ ನೇರ ತಲೆ. "ಅಣ್ಣಾ, ಕತ್ತಲ್ಲಿ ಏನಾದ್ರೂ ನೇತಾಡ್ತಿದೆಯಾ?" ಎಂದ. "ಹೆಂಡ್ತಿ ಒಬ್ಳೇ ಕಣಪ್ಪಾ" ಎಂದೆ. ಎಲ್ಲರೂ ನಕ್ಕರು, ಅವನೂ ನಕ್ಕು ಮುಂದೆ ಹೋದ. ನೇತಾಡುತ್ತಿತ್ತು, ಅಮ್ಮಾ. ನೀನು ಕಟ್ಟಿದ ಮಾಝು ತಾಯಿಯ ಕೆಂಪು ಚೀಲ, ಒಳಗೆ ಧೂಪದ ಬೂದಿ. ಹತ್ತಿಯ ದಾರ ವರ್ಷಕ್ಕೊಮ್ಮೆ ಹರಿಯುತ್ತದೆಂದು ನೀನು ಬಲೆ ಹೆಣೆಯುವ ನೈಲಾನನ್ನು ಮೂರೆಳೆ ಹುರಿ ಮಾಡಿ ಹಾಕಿಕೊಟ್ಟೆಯಲ್ಲ. "ಇನ್ನು ಟ್ಯೂನಾ ಮೀನು ಕಟ್ಟಿ ಎಳೆದ್ರೂ ಹರಿಯಲ್ಲ" ಎಂದಿದ್ದೆ. ನಿನ್ನ ಮಾತು ನಿಜವಾಯಿತು.

ಬೆಳಕಿದ್ದಾಗಿನ ಸುತ್ತುಗಳು ಸಲೀಸಾಗಿ ಮುಗಿದವು. ಸಲೀಸು ಎಂದರೆ, ತಲೆಕೆಳಗಾದ ಕೂಡಲೇ ನೀರು ಮೂಗಿನಿಂದ ನೇರ ಮಿದುಳಿಗೆ ಏರುತ್ತದೆ, ಹಸಿ ಸಾಸಿವೆ ಅರೆದು ತುಂಬಿದ ಹಾಗೆ. ಗುಳ್ಳೆಗಳು ಕಾಲಿನ ಕಡೆ ಓಡುತ್ತವೆ, ಆಗ ಗೊತ್ತಾಗುತ್ತದೆ ಮೇಲೆ ಎನ್ನುವುದು ಯಾವ ಕಡೆ ಎಂದು. ತ್ಸಾಯ್ ಎಂಬ ಹುಡುಗಿ, ಹೊಸ ಲೆಫ್ಟಿನೆಂಟ್, ನನ್ನ ಪಕ್ಕದ ಸೀಟು. ಮೊದಲ ಸಲ ಹೊರಗೆ ಬಂದವಳೇ ಕಣ್ಣುಮೂಗೆಲ್ಲ ಒರೆಸಿಕೊಳ್ಳುತ್ತಾ, "ಅಣ್ಣಾ, ನಾನು ಅಳ್ತಿಲ್ಲ, ಕೊಳವೇ ನನ್ನ ಕಣ್ಣಲ್ಲಿ ಅಳ್ತಿದೆ" ಎಂದಳು. ಒಳ್ಳೆಯ ಹುಡುಗಿ. ಮುಂದಿನದು ಕತ್ತಲೆಯ ಸುತ್ತು. ಕಣ್ಣಿಗೆ ಕಪ್ಪು ಬಳಿದ ಕನ್ನಡಕ ಹಾಕುತ್ತಾರೆ. ನಿಯಮ ಇಷ್ಟೇ: ಒಂದು ಕೈ ಕಿಟಕಿಯ ಚೌಕಟ್ಟಿನ ಮೇಲೆ, ಏನೇ ಆಗಲಿ ಆ ಕೈ ಬಿಡಬಾರದು. ಡಬ್ಬ ಪೂರ್ತಿ ತಿರುಗಿ ನಿಲ್ಲುವ ತನಕ ಕಾಯಬೇಕು. ಆಮೇಲೆ ಕಿಟಕಿ ದೂಡು, ಬೆಲ್ಟು ಬಿಚ್ಚು, ಹಿಡಿದ ಕೈಯ ದಾರಿ ಹಿಡಿದು ಹೊರಗೆ ಬಾ.

ಬಿದ್ದೆವು. ತಿರುಗಿತು. ನಿಂತಿತು. ಕಿಟಕಿ ದೂಡಿದೆ. ಬೆಲ್ಟಿನ ಬಕಲಿಗೆ ಕೈ ಹಾಕಿದರೆ ಅದರಲ್ಲಿ ಏನೋ ಸುತ್ತಿಕೊಂಡಿದೆ. ಚೀಲ ಅಂಗಿಯೊಳಗಿಂದ ತೇಲಿ ಹೊರಗೆ ಬಂದು, ದಾರ ಬಕಲಿನ ಬಾಯಿಗೆ ಸಿಕ್ಕಿತ್ತು. ತೊಡೆಯ ಜೇಬಿನಲ್ಲಿ ಕತ್ತರಿಸುವ ಚಾಕು ಇತ್ತು, ಅಮ್ಮಾ. ಇಂಥದ್ದಕ್ಕೇ ಇರುವುದು ಅದು. ಆದರೆ ನನ್ನ ಕೈ ಚಾಕುವಿಗೆ ಹೋಗಲಿಲ್ಲ. ನನ್ನ ಕೈಗಳು ಏನು ಮಾಡಿದವು ಗೊತ್ತೇ? ಕಿಟಕಿಯ ಚೌಕಟ್ಟನ್ನೂ ಬಿಟ್ಟು, ಎರಡೂ ಸೇರಿ ಆ ದಾರದ ಗಂಟನ್ನು ನಿಧಾನವಾಗಿ, ನೋಯಿಸದ ಹಾಗೆ, ಬಿಡಿಸತೊಡಗಿದವು. ನಿನ್ನ ಹತ್ತಿರ ಕೂತು ಬಲೆಯ ಸಿಕ್ಕು ಬಿಡಿಸುತ್ತಿದ್ದೆನಲ್ಲ, ಹಾಗೆ. ದೇವಿಯ ಚೀಲ, ಅಮ್ಮ ಕಟ್ಟಿದ್ದು, ಹರಿಯಬಾರದು. ಉಸಿರು ಮುಗಿದದ್ದೇ ತಿಳಿಯಲಿಲ್ಲ. ಆಮೇಲೆ ಯಾರೋ ಎದೆಯ ಮೇಲೆ ಗುದ್ದಿದ ಹಾಗಾಯಿತು, ಬೆಳಕು ಬಂತು, ನಾನು ಕೊಳದ ಅಂಚಿನಲ್ಲಿ ಬೋರಲಾಗಿ ಬಿದ್ದು ನೀರು ಕಕ್ಕುತ್ತಿದ್ದೆ. ಲೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಅವನ ಅಂಗೈಯಲ್ಲಿ ಚೀಲ, ಕತ್ತರಿಸಿದ ದಾರ. "ಹೆಂಡ್ತಿ ಒಬ್ಳೇ ಅಂದ್ಯಲ್ಲಣ್ಣಾ" ಎಂದ. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಫೇಲು ಎಂದು ಬರೆದರು. ಇನ್ನೊಂದು ಅವಕಾಶ ಕೊಡುತ್ತಾರೆ, ಅದೂ ಹೋದರೆ ನೆಲದ ಮೇಲೆ, ಕಚೇರಿಯಲ್ಲಿ, ನಿವೃತ್ತಿಯ ತನಕ. ಅಂದು ಊಟಕ್ಕೆ ಕೂತೆ, ಅನ್ನ ತಿನ್ನುವ ಕಡ್ಡಿ ಎತ್ತಲಾಗಲಿಲ್ಲ, ಬೆರಳು ನಡುಗುತ್ತಿತ್ತು. ನಿನ್ನ ಅರ್ಜಿ ಎಷ್ಟು ಬೇಗ ಮಂಜೂರಾಯಿತಲ್ಲ ಎಂದು ನಗಲು ನೋಡಿದೆ. ಆಗಲಿಲ್ಲ. ಏಕೆಂದರೆ ಅದು ನಿಜವೇ ಇರಬಹುದು ಎನಿಸಿತು. ನೀನು ಕೇಳಿದೆ, ತಾಯಿ ಹೂಂ ಎಂದಳು, ತನ್ನ ದಾರದಿಂದಲೇ ನನ್ನನ್ನು ಹಿಡಿದು ಕೂರಿಸಿದಳು. ಹಾಗಿದ್ದರೆ ನಾನ್ಯಾರು ಬಿಡಿಸಿಕೊಳ್ಳಲು?

ಮಾರನೆಯ ದಿನ ನಮ್ಮನ್ನು ನಿಜವಾದ ಸಮುದ್ರಕ್ಕೆ ಒಯ್ದು ರಬ್ಬರ್ ತೆಪ್ಪಕ್ಕೆ ಹತ್ತಿಸಿ ಬಿಟ್ಟು ಹೋದರು. ಎತ್ತಿಕೊಳ್ಳುವ ಹೆಲಿಕಾಪ್ಟರ್ ಬರುವ ತನಕ ಬದುಕಿರುವುದೇ ಪಾಠ. ಬಿಸಿಲು, ಉಪ್ಪು, ವಾಂತಿ. ಒಬ್ಬ ಕಕ್ಕಿದರೆ ಎಲ್ಲರೂ ಕಕ್ಕುತ್ತಾರೆ, ಆಕಳಿಕೆಯ ಹಾಗೆ ಅಂಟುರೋಗ ಅದು. ನಾನು ಜೋಕು ಹೇಳಿದೆ, ಮುಗಿಯಿತು. ಹಳೆಯದನ್ನೇ ತಿರುಗಿ ಹೇಳಿದೆ. ತ್ಸಾಯ್, "ಅಣ್ಣಾ, ದಮ್ಮಯ್ಯ, ಶಾರ್ಕ್ ಬಂದ್ರೂ ಪರವಾಗಿಲ್ಲ, ಆ ಆಮೆ ಕಥೆ ಮತ್ತೆ ಬೇಡ" ಎಂದಳು. ಆಮೇಲೆ ಎಲ್ಲರೂ ಕಾಲು ನಡುವಿಗೆ ಚಾಚಿ, ಒಬ್ಬರ ತೋಳು ಒಬ್ಬರಿಗೆ ಹೆಣೆದು ಕೂತಿದ್ದೆವು. ಹಾಗೆ ಕೂತಿದ್ದಾಗ ಅಮ್ಮಾ, ದಡದಲ್ಲಿರುವವರಿಗೆ ಹೇಗಿರುತ್ತದೆ ಎಂದು ನನಗೆ ಮೊದಲ ಸಲ ಹೊಳೆಯಿತು. ನಮಗಾದರೋ ಮಾಡಲು ಏನಾದರೂ ಇರುತ್ತದೆ, ನೀರು ಮೊಗೆದು ಚೆಲ್ಲುವುದೋ, ಹಗ್ಗ ಹಿಡಿಯುವುದೋ. ನಿನಗೆ ಕಾಯುವುದೊಂದೇ. ಖೋನ ತಾಯಿಯ ಸೊಂಟ ಹಿಡಿದು ನಿಂತಾಗ ನೀನು ಯಾರ ಹೆಸರು ಕೇಳಿಸಿಕೊಂಡೆಯೋ ನನಗೆ ಗೊತ್ತು. ಅಂಥ ಭಯವನ್ನು ಕಂಡು ನಾನು ಫೋನಿನಲ್ಲಿ ನಕ್ಕೆ, ನೋಡು.

ನಿನ್ನೆ ಬೆಳಿಗ್ಗೆ ನನ್ನ ಎರಡನೆಯ ಸರದಿ. ಕೊಳದ ಗೋಡೆಗೆ ಒಂದು ಸಾಲು ಕೊಕ್ಕೆಗಳಿವೆ, ಟವಲಿಗೆಂದು ತಿಳಿದಿದ್ದೆ. ಹತ್ತಿರ ಹೋದರೆ ಅಷ್ಟೂ ಕೊಕ್ಕೆಗಳಲ್ಲಿ ದೇವರುಗಳು. ಮಾಝು ತಾಯಿಯ ಚೀಲಗಳು, ಕೆಂಪು ಮುಖದ ಕ್ವಾನ್ ದೇವರ ತಗಡು, ಗುಡ್ಡಗಾಡಿನ ಹುಡುಗನೊಬ್ಬನ ಶಿಲುಬೆ. ಲೂ ನನ್ನ ಚೀಲವನ್ನು ಒಂದು ಕೊಕ್ಕೆಗೆ ಗಂಟು ಹಾಕಿ ಇಟ್ಟಿದ್ದ. ಬಿಚ್ಚಿಕೊಳ್ಳಲು ಹೋದೆ. "ಅಣ್ಣಾ, ಅಲ್ಲೇ ಇರ್ಲಿ ಬಿಡು. ನಂದೂ ಅಲ್ಲೇ ಇದೆ. ದೇವಿನೂ ನಿನ್ನ ಜೊತೆ ಬೆಲ್ಟು ಕಟ್ಕೊಂಡು ಮುಳುಗಿಬಿಟ್ರೆ ದಡದಿಂದ ಎಳೆಯೋರು ಯಾರು?" ಎಂದ. ಹೇಳಿ ಕನ್ನಡಕ ಕೊಟ್ಟ. ಅವನಿಗೆ ಅದು ದಿನಾ ಹೇಳುವ ಮಾತಿರಬೇಕು. ನಾನು ಚೀಲವನ್ನು ಕೊಕ್ಕೆಯಲ್ಲೇ ಬಿಟ್ಟು ಡಬ್ಬ ಹತ್ತಿದೆ.

ಕತ್ತು ಬರಿದಾಗಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ. ಡಬ್ಬ ಬಿತ್ತು, ತಿರುಗಿತು, ಕತ್ತಲೆ, ಮೂಗಿನಲ್ಲಿ ಸಾಸಿವೆ. ಕೈ ಓಡಿಹೋಗಲು ನೋಡಿತು, ಅಮ್ಮಾ. ಹೋದ ಸಲದ ಜಾಗಕ್ಕೇ, ಬಕಲಿಗೆ, ಇಲ್ಲದ ದಾರ ಬಿಡಿಸಲು. ಆಗ ಚಂಡಮಾರುತದ ದಿನಗಳು ನೆನಪಾದವು. ದೀಪ ಹೋದ ಕೂಡಲೇ ನೀನು ನನ್ನನ್ನೂ ಸಿಯೊಕ್‌ಳನ್ನೂ ಬಾಗಿಲ ಬಳಿ ನಿಲ್ಲಿಸಿ ಹೇಳುತ್ತಿದ್ದೆ: "ಕಂಬ ಹಿಡ್ಕೊಳ್ಳಿ. ಓಡ್ಬೇಡಿ. ನಾನು ಬರೋ ತನಕ ಕಂಬ ಬಿಟ್ರೆ ನೋಡಿ." ಲೂ ಹೇಳುವ ನಿಯಮವೂ ಅದೇ ಅಲ್ಲವೇ? ಚೌಕಟ್ಟನ್ನು ಹಿಡಿದೆ. ಎಲ್ಲ ನಿಲ್ಲುವ ತನಕ ಕಾದೆ. ದೂಡಿದೆ, ಬಿಚ್ಚಿದೆ, ಹಿಡಿದ ಕೈಯ ಹಿಂದೆಯೇ ಮೈ ಹೊರಗೆ ಬಂತು. ತಲೆ ಎತ್ತಿದರೆ ತ್ಸಾಯ್ ಅಂಚಿನಲ್ಲಿ ನಿಂತು, "ಕಡುಬು ಬೆಂತು! ಕಡುಬು ಬೆಂತು!" ಎಂದು ಕೂಗುತ್ತಿದ್ದಳು. ಪಾಸು.

ಅದಕ್ಕೇ ಈ ಕಾಗದ. ನಿನ್ನ ಮಾಝು ತಾಯಿ ನಿನಗೆ ಸುಳ್ಳು ಹೇಳಿದಳೆಂದು ಕೋಪಿಸಿಕೊಳ್ಳಬೇಡ. ನೀನು ಕೇಳಿದ್ದನ್ನು ಕೊಟ್ಟಳಲ್ಲ, ಫೇಲಾಗಲಿ ಎಂದೆ, ಆದೆ. ಎರಡನೆಯ ಸಲದ ಬಗ್ಗೆ ನೀನು ಕೇಳಿರಲಿಲ್ಲ. ಈಶಾನ್ಯ ಗಾಳಿ ಎದ್ದು ದೋಣಿಗಳು ನಿಂತ ಮೇಲೆ ನಮ್ಮ ದ್ವೀಪದಲ್ಲಿ ಯಾರಿಗಾದರೂ ಎದೆ ಹಿಡಿದರೆ, ಯಾರಿಗಾದರೂ ಹೆರಿಗೆ ಕಷ್ಟವಾದರೆ, ಜನ ಆಕಾಶದ ಕಡೆಗೇ ನೋಡುವುದು. ಹೋದ ವರ್ಷ ಒಣಮೀನಿನ ಅಜ್ಜಿಯನ್ನು ನಾನು ಎತ್ತಿಕೊಂಡು ಹೋದಾಗ ನೀನೇ ಕೈ ಬೀಸಿ ಅವಸರ ಮಾಡಿದೆ. ನಾನು ಇದನ್ನು ಬಿಡಲಾರೆ. ಆದರೆ ನಿನ್ನಿಂದ ಬಿಡಿಸಿಕೊಂಡು ಹೋಗಿಯೂ ಹಾರಲಾರೆ. ಚೀಲವನ್ನು ಇದರ ಜೊತೆ ಇಟ್ಟಿದ್ದೇನೆ. ಧೂಪದ ಹೊಗೆ ತೋರಿಸಿ ಹೊಸ ದಾರ ಹಾಕಿ ಕಳಿಸು. ಈ ಸಲ ನೈಲಾನ್ ಬೇಡಮ್ಮಾ. ಹತ್ತಿಯದು ಹಾಕು, ಎಳೆದರೆ ಹರಿಯುವಂಥದ್ದು. ಹರಿದರೆ ಮತ್ತೆ ಕಟ್ಟಲು ನೀನಿದ್ದೀಯಲ್ಲ.

ನಿನ್ನ ಸೊಸೆ ನಮಸ್ಕಾರ ಹೇಳಿದ್ದಾಳೆ. ಸಿಯೊಕ್‌ಗೆ, ಅವಳ ಗಂಡನಿಗೆ, ಗುಡಿಯ ಮುಂದೆ ಚದುರಂಗದಲ್ಲಿ ಮೋಸ ಮಾಡುವ ಮುದುಕರಿಗೆಲ್ಲ ಕೇಳಿದೆನೆಂದು ಹೇಳು. ಮೊಣಕಾಲು ಜೋಪಾನ.

ನಿನ್ನ ಕಡುಬು,
ಆ-ಟೊಂಗ್

ಮರೆತಿದ್ದೆ: ಅಂಚೆ ಚೀಲ ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಸಿಯೊಕ್, ಇದನ್ನು ಜೋರಾಗಿ ಓದು. ಅಮ್ಮಾ, ಆ ಕೆಂಪು ಚೀಲದ ಕೆಳಗೆ ಒಂದು ಬನಿಯನ್ ಮಡಚಿಟ್ಟಿದ್ದೇನೆ. ಆ ಮೊದಲ ದಿನ ತೊಟ್ಟಿದ್ದು, ಒಗೆದಿಲ್ಲ. ಪಾಸಾದೆ ಎಂದು ಬರೆದೆನಲ್ಲ, ನಿಜ, ಆದರೆ ಇವತ್ತೂ ಕಡ್ಡಿ ಹಿಡಿದರೆ ಬೆರಳು ನಡುಗುತ್ತಿದೆ. ನನ್ನದೊಂದು ಪಾಲು ಇನ್ನೂ ಆ ಡಬ್ಬದಲ್ಲೇ ತಲೆಕೆಳಗಾಗಿ ಕೂತ ಹಾಗಿದೆ. ಚಿಕ್ಕಂದಿನಲ್ಲಿ ಬಂದರಿನ ನೀರಿಗೆ ಬಿದ್ದು ಹೆದರಿದಾಗ ಬಟ್ಟಲು ಅಕ್ಕಿಯ ಮೇಲೆ ನನ್ನ ಅಂಗಿ ಸುತ್ತಿ, ಊದುಬತ್ತಿ ಹಚ್ಚಿ, ಹೆಸರು ಹಿಡಿದು ಜೀವವನ್ನು ಮನೆಗೆ ಕರೆದೆಯಲ್ಲ, ನಾನು ಕಿಸಿಕಿಸಿ ನಕ್ಕು ಏಟು ತಿಂದೆನಲ್ಲ, ಹಾಗೆ ಕರೆಯಮ್ಮಾ. ಖೋನ ತಾಯಿ ಕರೆದ ಹಾಗಲ್ಲ. ಊಟಕ್ಕೆ ಕರೆಯುವ ಹಾಗೆ ಕರೆ. ಈ ಸಲ ನಗುವುದಿಲ್ಲ.