ಅಡುಗೆಮನೆಗೆ ಒಂದು ಮೈಕು

ಕಿಕ್ಕೇರಿ
16-11-1997, ಭಾನುವಾರ

ಶ್ವೇತನ ಅಪ್ಪನವರಿಗೆ ಪುಟ್ಟಗೌರಮ್ಮ ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ನೀವು ಹೇಗಿದ್ದೀರಿ ಅಂತ ಮೊನ್ನೆ ಗುರುವಾರ ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಕೇಳೋದಿಲ್ಲ. ಕಾಲರು ಹರಿದ ಅಂಗಿ ಹಾಕಿಕೊಂಡು ಮಗಳ ಊರು ಶ್ರೀರಂಗಪಟ್ಟಣಕ್ಕೆ ಬಂದಿದ್ದಿರಿ. ಬೀರುವಿನ ಕೆಳಗಿನ ಖಾನೆಯಲ್ಲಿ ಹೋದ ವರ್ಷ ದೀಪಾವಳಿಗೆ ತಂದ ಅಂಗಿ ಹಾಗೇ ಇದೆ, ಗಂಜಿ ಕೂಡ ಹೋಗಿಲ್ಲ. ತೆಗೆದು ಹಾಕಿಕೊಳ್ಳಿ.

ನನ್ನ ಅಕ್ಷರ ನೋಡಿ ಗಾಬರಿ ಬೀಳಬೇಡಿ. ಎಂಟು ತಿಂಗಳಿಂದ ಒಂದು ಸಾಲು ಬರೆಯದವಳು ಈಗ ಬರೆಯೋಕೆ ಕೂತಿರೋದು ಆ ಹಾಡಿನ ಸೆಟ್ಟಿನ ವಿಷಯಕ್ಕೆ. ಅಲ್ಲಿನ ಅಂಗಡಿಯಲ್ಲಿ ಅರ್ಧ ದಿನ ಕೂತು, ಆ ಕುಮಾರ್ ತೋರಿಸಿದ್ದನ್ನೆಲ್ಲ ಒಂದೂ ಸರಿಯಿಲ್ಲ ಅಂತ ತಳ್ಳಿ, ಬರಿಗೈಯಲ್ಲಿ ಪಾಂಡವಪುರಕ್ಕೆ ಹೋದಿರಿ. ನಾನು ಒಂದನ್ನು ಆರಿಸಿದ್ದೇನೆ. ಯಾವುದು, ಯಾಕೆ ಅಂತ ಹೇಳ್ತೀನಿ. ಅರ್ಧ ಓದಿ ಮಡಚಿ ಜೇಬಿಗೆ ಇಟ್ಟುಕೊಳ್ಳೋ ಅಭ್ಯಾಸ ನಿಮಗಿದೆ, ಹಾಗೆ ಮಾಡಬೇಡಿ. ಇಷ್ಟಕ್ಕೆ ಕಾಗದ ಯಾಕೆ, ಬೂತಿಗೆ ಹೋಗಿ ಒಂದು ಫೋನು ಮಾಡಬಾರದಾ ಅಂತ ನಮ್ಮಣ್ಣ ಮಂಚಯ್ಯ ಕೇಳಿದ. ಇದು ಕಾಗದದಲ್ಲೇ ಹೇಳಬೇಕಾದ ಮಾತು ಅಂದೆ. ಅವನಿಗೆ ಅರ್ಥವಾಗಲಿಲ್ಲ, ನಿಮಗೆ ಆಗುತ್ತೆ.

ನಿಮ್ಮ ಮಗಳದ್ದು ನಿಮ್ಮದೇ ತಲೆ ನೋಡಿ. ನನ್ನನ್ನು ಬೂತಿಗೆ ಕರೆಸಿ ಫೋನಿನಲ್ಲಿ ಹೇಳಿದಳು, ಅಪ್ಪ ನನ್ನ ಬಾಣಂತನಕ್ಕೆ ಅಂತ ಕಲರ್ ಟಿವಿ ತಂದಿದ್ದಾರೆ, ಅದರ ಸೌಂಡು ಅವರಿಗೆ ಸಾಲದಂತೆ, ಮದುವೆಮನೆಗೆ ಬಾಡಿಗೆ ಕೊಡೋ ಮೈಕ್ ಸೆಟ್ಟಿನ ಹಾರ್ನು ತಂದು ನಡುಮನೆಗೆ ನೇತುಹಾಕ್ತೀನಿ ಅಂತಿದ್ದಾರೆ, ನೀನೇ ಬಂದು ಹಾಡಿಗೂ ಟಿವಿಗೂ ಆಗುವಂಥ, ಮೇಜಿನ ಮೇಲೆ ಕೂರುವಂಥ ಒಂದು ಪುಟ್ಟ ಸೆಟ್ಟು ಆರಿಸಿಕೊಡು ಅಂತ. ಆಗೋಲ್ಲ ಅಂದೆ. ಆಗ ನಿಧಾನವಾಗಿ ಇನ್ನೊಂದು ಕೇಳಿದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲಮ್ಮ, ನನ್ನ ತವರು ಯಾವುದು, ಅಪ್ಪ ಇರೋ ಪಾಂಡವಪುರವೋ ನೀನಿರೋ ಕಿಕ್ಕೇರಿಯೋ ಅಂತ. ನಾನು ಫೋನಿಟ್ಟೆ. ಮಾರನೇ ಬೆಳಿಗ್ಗೆ ಶ್ರೀರಂಗಪಟ್ಟಣದ ಬಸ್ಸಿನಲ್ಲಿದ್ದೆ.

ಈಗ ಹಳೇದನ್ನು ಸ್ವಲ್ಪ ಕೆದಕಬೇಕು, ಸಹಿಸಿಕೊಳ್ಳಿ. ನಿಮ್ಮ ಕೈ ಹಿಡಿದು ಬಂದ ಮೇಲೆ ನಾನು ಗದ್ದಲದಲ್ಲೇ ಬಾಳಿದವಳು. ಹೊರಗೆ ಹೋದರೆ ಹಾರ್ನು, ಜನರೇಟರು. ಮನೆಗೆ ಬಂದರೆ ಕೆಟ್ಟ ಆಂಪ್ಲಿಫೈಯರ್ ಬಿಚ್ಚಿಕೊಂಡು ಕೂತು ಹಲೋ, ಹಲೋ, ಮೈಕ್ ಟೆಸ್ಟಿಂಗ್. ಅಡುಗೆಮನೆಯಿಂದ ನಾನು ಏನು ಹೇಳಿದರೂ ನಿಮ್ಮ ಹತ್ತಿರ ಇದ್ದದ್ದು ಎರಡೇ ಉತ್ತರ, ಒಂದು ಹೂಂ, ಇನ್ನೊಂದು ಆಯ್ತು ಬುಡು. ಉಪ್ಪು ಮುಗಿದಿದೆ ಅಂದರೂ ಆಯ್ತು ಬುಡು, ನಿಮ್ಮಕ್ಕ ಜಗಳ ಆಡಿ ಹೋದರು ಅಂದರೂ ಆಯ್ತು ಬುಡು. ನೀವಾಗಿ ಮಾತಾಡಿದರೆ ಬೀದಿಯ ಕೊನೆಯ ಮನೆಗೂ ಕೇಳಿಸುತ್ತಿತ್ತು. ಕೂಗುವುದನ್ನು ನಾನು ಸಿಟ್ಟು ಅಂದುಕೊಂಡೆ. ಉತ್ತರ ಕೊಡದೇ ಇದ್ದುದನ್ನು ತಾತ್ಸಾರ ಅಂದುಕೊಂಡೆ. ಇನ್ನೇನು ಅಂದುಕೊಳ್ಳಬೇಕಿತ್ತು, ನೀವೇ ಹೇಳಿ.

ಮಾರ್ಚಿಯಲ್ಲಿ ಮಂಡ್ಯದ ಡಾಕ್ಟರು ಗರ್ಭಕೋಶ ತೆಗೆಯಬೇಕು ಅಂದರು. ಮನೆಗೆ ಬಂದೆ. ನೀವು ಹಜಾರದಲ್ಲಿ ವೈರು ಸುತ್ತುತ್ತ ಕೂತಿದ್ದಿರಿ, ಟಿವಿ ಹಾಕಿತ್ತು. ಅಂಥ ಮಾತನ್ನು ಮುಖ ನೋಡಿಕೊಂಡು ಹೇಳೋಕೆ ನನಗೆ ನಾಚಿಕೆ. ಒಲೆಯ ಮುಂದೆ ಮುದ್ದೆ ತೊಳಸುತ್ತ, ನಿಮಗೆ ಬೆನ್ನು ಮಾಡಿಕೊಂಡೇ ಹೇಳಿದೆ. ಗುರುವಾರ ಆಪರೇಷನ್ನು, ನನಗೆ ಭಯವಾಗ್ತಿದೆ, ಅವತ್ತು ಯಾವ ಮದುವೆಯನ್ನೂ ಒಪ್ಪಿಕೊಳ್ಳಬೇಡಿ, ನನ್ನ ಜೊತೆಗಿರಿ ಅಂತ. ನಮ್ಮ ಸಂಸಾರದಲ್ಲಿ ನಾನು ನಿಮ್ಮನ್ನು ಭಯ ಅಂತ ಕೇಳಿಕೊಂಡದ್ದು ಅದೊಂದೇ ಸಲ. ಆಯ್ತು ಬುಡು ಅಂದಿರಿ. ನನಗೆಷ್ಟು ನೆಮ್ಮದಿಯಾಯಿತು ಗೊತ್ತಾ? ಗುರುವಾರ ಬೆಳಕು ಹರಿಯುವ ಮೊದಲೇ ಟೆಂಪೋಗೆ ಹಾರ್ನು ತುಂಬಿಕೊಂಡು ಹೊಸಹೊಳಲಿನ ಮದುವೆಗೆ ಹೊರಟುಹೋದಿರಿ. ನಾನು ಅಣ್ಣನ ಕೈ ಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿದೆ.

ಮಾರನೇ ದಿನ ಓಡಿ ಬಂದಿರಿ. ವಾರ್ಡಿನ ತುಂಬ ಜನ. ಅಷ್ಟೂ ಜನರ ಮಧ್ಯೆ ನಿಂತು, “ನಂಗ್ಯಾಕಮ್ಮಿ ಯೋಳ್ನಿಲ್ಲ? ಒಂದ್ ಮಾತ್ ಯೋಳ್‌ಬಾರ್ದಾಗಿತ್ತಾ?” ಅಂತ ಕೂಗಿದಿರಿ. ನನ್ನ ಹೊಟ್ಟೆಯ ಹೊಲಿಗೆಗಿಂತ ಆ ಮಾತು ಹೆಚ್ಚು ನೋಯಿತು. ಬಾಯಿಬಿಟ್ಟು ಹೇಳಿದವಳನ್ನೇ ಸುಳ್ಳಿ ಮಾಡ್ತಾರಲ್ಲ ಅಂತ ಗೋಡೆ ಕಡೆ ತಿರುಗಿಕೊಂಡೆ. ಆಸ್ಪತ್ರೆಯಿಂದ ಸೀದಾ ಕಿಕ್ಕೇರಿಗೆ, ಅಣ್ಣನ ಮನೆಗೆ ಬಂದೆ. ಆಮೇಲೆ ನೀವು ಬಂದಾಗಲೆಲ್ಲ ಒಳಕೋಣೆ ಬಿಟ್ಟು ಆಚೆ ಬರಲಿಲ್ಲ.

ಇಷ್ಟು ಹೇಳಿದ್ದು ಯಾಕೆಂದರೆ, ಕುಮಾರನ ಅಂಗಡಿಗೆ ಕಾಲಿಟ್ಟಾಗ ನಾನು ಅದೇ ಸಿಟ್ಟಿನಲ್ಲಿದ್ದೆ. ಮಗಳನ್ನು ಮಧ್ಯೆ ಕೂರಿಸಿಕೊಂಡು, ನಿಮ್ಮ ಕಡೆ ನೋಡದೆ ಕೂತಿದ್ದೆ. ಕುಮಾರ್ ಮೊದಲು ತೋರಿಸಿದ್ದು ಸ್ಪೀಕರ್ ಬಾಕ್ಸುಗಳು ಮೈಗೇ ಅಂಟಿಕೊಂಡ ಸೆಟ್ಟು. ಇದು ಆಟದ ಸಾಮಾನು ಅಂದಿರಿ. ಕೊನೆಯದು ಎದೆಮಟ್ಟದ್ದು, ಹಾಡಿದರೆ ಬಣ್ಣಬಣ್ಣದ ದೀಪ ಕುಣಿಯುತ್ತಿತ್ತು. ನಿಮ್ಮ ಕಣ್ಣು ಅದರ ಮೇಲೆ ಬಿದ್ದಿತ್ತು, ಗೊತ್ತು. ಅದನ್ನು ತಂದಿಟ್ಟರೆ ಮಗು ಮಲಗಿಸಲು ಜಾಗ ಎಲ್ಲಿ? ಶ್ವೇತನೇ ಅದನ್ನು ಬೇಡ ಅಂದಳು.

ನಾನು ಹೇಳಬೇಕಾದ್ದು ಮಧ್ಯದ ಸೆಟ್ಟನ್ನು ತೋರಿಸುವಾಗ ನಡೆದದ್ದು. ಕುಮಾರನಿಗೆ ಯಾವುದೋ ಫೋನು ಬಂತು. ಅವನು ಕ್ಯಾಸೆಟ್ಟು ಹಾಕಿ, ಸೌಂಡು ತಗ್ಗಿಸಿ, ಫೋನಿನಲ್ಲಿ ಮಾತಾಡುತ್ತ ನಿಂತ. ಕೊಳಲಿನ ಹಾಡು, ಬಲು ಇಂಪಾಗಿತ್ತು. ಶ್ವೇತ ಮೇಜಿನ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತಿದ್ದಳು. ಫೋನು ಇಟ್ಟು ಕುಮಾರ್ ನಿಮ್ಮ ಮುಖ ನೋಡಿದ, ಹೇಗಿದೆ ಅನ್ನೋ ಹಾಗೆ. ನೀವು ಅವನ ಮುಖ ನೋಡಿದಿರಿ. ಆಮೇಲೆ ಅಂದಿರಿ, “ಹಾಕಪ್ಪ, ಯಾಕ್ ಸುಮ್ಕೆ ನಿಂತ್ಕಂಡೆ?”

ಹಾಡು ಆಗಲೇ ಎರಡನೇ ಚರಣಕ್ಕೆ ಬಂದಿತ್ತು.

ಕುಮಾರ್ ತಮಾಷೆ ಅಂದುಕೊಂಡು ನಕ್ಕ. ಶ್ವೇತನೂ ನಕ್ಕಳು. ನೀವು ಒಂದು ಕ್ಷಣ ಎಲ್ಲರ ಮುಖ ನೋಡಿ, ಮೆಲ್ಲಗೆ ಬಾಕ್ಸಿನ ಮೇಲೆ ಅಂಗೈ ಇಟ್ಟಿರಿ. ಅದು ಅದುರುತ್ತಿದೆಯಾ ಅಂತ ನೋಡಿದಿರಿ. ಅದುರುತ್ತಿತ್ತು. ಆಮೇಲೆ ನೀವು ಎಲ್ಲರಿಗಿಂತ ಜೋರಾಗಿ ನಕ್ಕು, ಇದೂ ಒಂದು ಸೌಂಡಾ, ಇದು ಸೊಳ್ಳೆಗೆ ಸಾಕು ಅಂದಿರಿ. ಅವರಿಬ್ಬರೂ ನಂಬಿದರು. ನಾನು ಮಾತ್ರ ನಗಲಿಲ್ಲ. ಆ ಅಂಗೈಯನ್ನೇ ನೋಡುತ್ತಿದ್ದೆ.

ಆಮೇಲೆ ಕುಮಾರ್ ಟಿವಿಯ ವೈರನ್ನು ಸೆಟ್ಟಿಗೆ ಚುಚ್ಚಿ ತೋರಿಸಿದ. ವಾರ್ತೆ ಓದುವ ಹೆಂಗಸು ಬಾಯೊಳಗೇ ಗೊಣಗ್ತಾಳೆ ಅಂದಿರಿ. ನನಗೆ ಅವಳು ಬಿಡಿಸಿ ಬಿಡಿಸಿ ಓದುತ್ತಿದ್ದುದು ಒಂದೊಂದು ಪದವೂ ಕೇಳುತ್ತಿತ್ತು. ಕುಮಾರನೂ ಶ್ವೇತನೂ ಗಲ್ಲಾದ ಹತ್ತಿರ ಹೋದಾಗ ನಾನು ಎದ್ದು ನಿಮ್ಮ ಬೆನ್ನ ಹಿಂದೆ ಬಂದು ನಿಂತೆ. ನೀವು ಬಗ್ಗಿ ಆ ಸೆಟ್ಟಿನ ಬಿರಡೆ ತಿರುಗಿಸುತ್ತಿದ್ದಿರಿ. ಪಿಸುಗುಟ್ಟಲಿಲ್ಲ, ದಿನಾ ಅಡುಗೆಮನೆಯಿಂದ ಮಾತಾಡುವ ದನಿಯಲ್ಲೇ ಹೇಳಿದೆ: “ಶ್ವೇತನ ಅಪ್ಪ, ನಾನು ನಾಳೆನೇ ಮನೆಗೆ ಬಂದ್ಬುಡ್ತೀನಿ.”

ಈ ಮಾತು ಕೇಳೋಕೆ ಅಂತಲೇ ನೀವು ಎಷ್ಟು ಸಲ ಕಿಕ್ಕೇರಿಗೆ ಬಂದು ಅಣ್ಣನ ಜಗಲಿಯ ಮೇಲೆ ಕೂತು ಹೋಗಿದ್ದೀರಿ. ನೀವು ತಿರುಗಲಿಲ್ಲ. ಬಿರಡೆ ತಿರುಗಿಸುತ್ತಲೇ ಇದ್ದಿರಿ. ನನಗೆ ಅಲ್ಲೇ ಕಣ್ಣು ಕತ್ತಲೆ ಬಂತು. ಮಗಳು ಓಡಿಬಂದು ನೀರು ಕೊಟ್ಟಳು, ಬಿಸಿಲಿಗೆ ಹೀಗಾಯಿತು ಅಂದೆ.

ಬಸ್ ಸ್ಟ್ಯಾಂಡಿನಲ್ಲಿ ನೀವು ಕಿಟಕಿಯಿಂದ ಟವೆಲ್ ಹಾಕಿ ನನಗೆ ಸೀಟು ಹಿಡಿದುಕೊಟ್ಟು, ನಿಮ್ಮ ಸ್ಕೂಟರ್ ಹತ್ತಿ ಹೋದಿರಿ. ಚಿನಕುರಳಿ ದಾಟುವ ತನಕ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ನಾನು ಅಷ್ಟು ವರ್ಷ ಯಾರ ಜೊತೆ ಮಾತಾಡುತ್ತಿದ್ದೆ? ಆ ಹೂಂ, ಆ ಆಯ್ತು ಬುಡು, ಅವೆಲ್ಲ ಏನೂ ಕೇಳಿಸದವರು ಮಾನ ಉಳಿಸಿಕೊಳ್ಳೋಕೆ ಆಡಿದ ಮಾತು. ವಾರ್ಡಿನಲ್ಲಿ ನೀವು ಕೂಗಿದ್ದು ನಿಜ. ನಾನು ಹೇಳಿದ್ದೂ ನಿಜ. ಇಬ್ಬರೂ ಸುಳ್ಳು ಹೇಳದೆ ಎಂಟು ತಿಂಗಳು ಬೇರೆ ಬೇರೆ ಮನೆಯಲ್ಲಿ ಉಂಡೆವು.

ಅತ್ತು ಮುಗಿದ ಮೇಲೆ ಸಿಟ್ಟು ಬಂತು, ಈ ಸಲ ಹೊಸ ಸಿಟ್ಟು. ಮೈಕ್ ಸೆಟ್ ಮರಿಸ್ವಾಮಿಗೇ ಕಿವಿ ಕೇಳಿಸಲ್ಲವಂತೆ ಅಂತ ಸುದ್ದಿಯಾದರೆ ಪಾಂಡವಪುರದಿಂದ ನಾಗಮಂಗಲದ ತನಕ ಯಾರು ಕರೀತಾರೆ ಅನ್ನೋ ಭಯ ನಿಮಗೆ. ನನಗೆ ಅರ್ಥವಾಗುತ್ತೆ. ಅದು ನಿಮ್ಮ ಅನ್ನ, ಅದಕ್ಕಿಂತ ಹೆಚ್ಚಾಗಿ ನಿಮ್ಮ ಹೆಸರು. ಊರಿನವರಿಗೆ ಹೇಳಬೇಡಿ, ಬೇಡ. ಆದರೆ ನಾನೇನು ನಿಮ್ಮನ್ನು ಮದುವೆಗೆ ಬುಕ್ ಮಾಡೋಕೆ ಬಂದವಳಾ? ಪಕ್ಕದಲ್ಲಿ ಮಲಗುವವಳಿಗೆ ಹೇಳೋಕೆ ಏನಾಗಿತ್ತು ನಿಮಗೆ? ಕೇಳಿಸಲ್ಲ ಕಣಮ್ಮಿ, ಎದುರಿಗೆ ಬಂದು ಹೇಳು ಅಂದಿದ್ದರೆ ಮುದ್ದೆ ಕೋಲು ಬಿಸಾಕಿ ಎದುರಿಗೆ ಬರುತ್ತಿದ್ದೆ.

ಇನ್ನು ಸೆಟ್ಟಿನ ವಿಷಯ. ಮಧ್ಯದ್ದನ್ನೇ ತನ್ನಿ. ಅದರ ಬಾಕ್ಸುಗಳು ಬೇರೆ ಬೇರೆ, ವೈರು ಉದ್ದ. ನೀವು ಹೊರಗೆ ಸ್ಕೂಟರ್ ಸ್ಟಾರ್ಟ್ ಮಾಡುವಾಗ ನಾನು ಕುಮಾರನನ್ನು ಎಲ್ಲ ವಿಚಾರಿಸಿಕೊಂಡೆ, ನಿಮ್ಮ ಕಿವಿಯ ಸುದ್ದಿ ಎತ್ತಲಿಲ್ಲ. ಅದರಲ್ಲಿ ಬ್ಯಾಲೆನ್ಸ್ ಅಂತ ಒಂದು ಬಿರಡೆ ಇದೆಯಂತೆ, ಯಾವ ಕಡೆಗೆ ತಿರುಗಿಸಿದರೆ ಆ ಕಡೆ ಬಾಕ್ಸಿಗೆ ಸೌಂಡು ಹೆಚ್ಚು ಹೋಗುತ್ತಂತೆ. ನಿಮಗೆ ಇದು ಗೊತ್ತಿರುವ ವಿದ್ಯೆಯೇ, ಆದರೂ ಹೇಳ್ತೀನಿ. ಒಂದು ಬಾಕ್ಸು ನಿಮ್ಮ ಕುರ್ಚಿಯ ಪಕ್ಕಕ್ಕೆ ಇಟ್ಟುಕೊಳ್ಳಿ, ಬಿರಡೆಯನ್ನು ನಿಮ್ಮ ಕಡೆಗೆ ತಿರುಗಿಸಿಕೊಳ್ಳಿ. ಇನ್ನೊಂದು ಬಾಣಂತಿ ಕೋಣೆಯ ಕಡೆಗೆ, ತೆಳ್ಳಗೆ. ವಾರ್ತೆಯವಳು ನಿಮಗೂ ಬಿಡಿಸಿ ಹೇಳಲಿ, ಮಗುವೂ ಮಲಗಲಿ.

ನಾನು ಅದನ್ನೇ ಹಿಡಿದದ್ದಕ್ಕೆ ಇನ್ನೊಂದು ಕಾರಣವಿದೆ. ಅದರ ಮುಂದುಗಡೆ ಮೈಕ್ ಚುಚ್ಚೋಕೆ ಒಂದು ತೂತಿದೆ. ಈಗಿನ ಹುಡುಗರು ಅದರಲ್ಲಿ ಹಾಡಿಕೊಳ್ತಾರಂತೆ. ನೀವು ಚುನಾವಣೆಯವರಿಗೆ ಮೈಕ್ ಕೊಟ್ಟಿರಿ, ಮದುವೆಯವರಿಗೆ ಕೊಟ್ಟಿರಿ, ಎಮ್ಮೆ ಕಳೆದುಕೊಂಡವನಿಗೂ ಆಟೋದ ಮೇಲೆ ಹಾರ್ನು ಕಟ್ಟಿ ಕೊಟ್ಟಿರಿ. ಕಟ್ಟಿಕೊಂಡ ಹೆಂಡತಿಗೆ ಒಂದು ಕೊಡಬೇಕು ಅಂತ ಹೊಳೆಯಲೇ ಇಲ್ಲ. ಅಡುಗೆಮನೆಗೆ ಒಂದು ಮೈಕು ಎಳೆದುಕೊಡಿ. ನಾನು ಒಲೆಯ ಮುಂದೆ ನಿಂತು ಹೇಳಿದ್ದು ನಿಮ್ಮ ಕಿವಿಯ ಪಕ್ಕದ ಬಾಕ್ಸಿನಲ್ಲಿ ಬರಲಿ. ಮಗಳು ಕೇಳಿದರೆ ಅಮ್ಮನಿಗೆ ಹಾಡೋ ಹುಚ್ಚು ಹಿಡಿದಿದೆ ಅನ್ನಿ.

ಇದು ಸದ್ಯಕ್ಕೆ. ಮೈಸೂರಿನಲ್ಲಿ ಕಿವಿ ಪರೀಕ್ಷೆ ಮಾಡೋಕೆ ಅಂತಲೇ ದೊಡ್ಡ ಸಂಸ್ಥೆ ಇದೆಯಂತೆ, ಕಿವಿಗೆ ಇಟ್ಟುಕೊಳ್ಳುವ ಮಿಷನ್ನೂ ಕೊಡ್ತಾರಂತೆ. ಅಲ್ಲಿ ನಮ್ಮ ಕಡೆಯವರು ಯಾರೂ ಸಿಗೋದಿಲ್ಲ. ನಾನು ಜೊತೆಗೆ ಬರ್ತೀನಿ, ಡಾಕ್ಟರು ಹೇಳಿದ್ದನ್ನು ನಾನು ಕೇಳಿಸಿಕೊಂಡು ನಿಮಗೆ ಹೇಳ್ತೀನಿ. ನೀವು ನನಗೆ ಆಸ್ಪತ್ರೆಗೆ ಬರಲಿಲ್ಲ ಅಂತ ನಾನು ನಿಮಗೆ ಬರದೆ ಇರೋದಿಲ್ಲ.

ಆದರೆ ಮನೆಗೆ ವಾಪಸ್ ಬರ್ತೀನಿ ಅಂತ ಈ ಕಾಗದದಲ್ಲಿ ಎಲ್ಲೂ ಬರೆದಿಲ್ಲ, ಗಮನಿಸಿ. ಅಂಗಡಿಯಲ್ಲಿ ಹೇಳಿದ್ದನ್ನು ನೀವು ಕೇಳಿಸಿಕೊಂಡಿಲ್ಲ, ಹಾಗಾಗಿ ಅದು ಲೆಕ್ಕಕ್ಕಿಲ್ಲ. ಮೊದಲು ಕೇಳಿಸಲ್ಲ ಅಂತ ನಿಮ್ಮ ಕೈಯಾರೆ ನನಗೊಂದು ಕಾಗದ ಬರೀರಿ. ಮಿಕ್ಕಿದ್ದು ಆಮೇಲೆ ನೋಡೋಣ. ಕಾಲಕಾಲಕ್ಕೆ ಊಟ ಮಾಡಿ, ಹೋಟೆಲ್ ಅನ್ನ ತಿಂದು ತಿಂದು ಕೆನ್ನೆ ಒಳಗೆ ಹೋಗಿದೆ.

ಇಂತಿ,
ಸಿಟ್ಟು ಇನ್ನೂ ಪೂರ್ತಿ ಇಳಿಯದ ನಿಮ್ಮ
ಪುಟ್ಟಗೌರಮ್ಮ

ಮತ್ತೆ: ಸೋಮವಾರ ಸಂಜೆ ಪೆನ್ಸಿಲಿನಲ್ಲಿ ಬರೀತಿದ್ದೀನಿ, ಅಕ್ಷರ ಸೊಟ್ಟಗಿದ್ದರೆ ಬೈಬೇಡಿ. ಮಧ್ಯಾಹ್ನ ಈ ಕಾಗದವನ್ನು ಅಂಚೆಡಬ್ಬಕ್ಕೆ ಹಾಕೋಕೆ ಅಂತ ಹೊರಟವಳು ಪಾಂಡವಪುರದ ಬಸ್ಸು ಹತ್ತಿಬಿಟ್ಟೆ. ಈಗ ನಮ್ಮ ಮನೆ ಬಾಗಿಲಲ್ಲಿದ್ದೀನಿ. ಒಳಗೆ ಟಿವಿ ಬೊಬ್ಬೆ ಹೊಡೀತಿದೆ. ಚಿಲಕ ಬಡಿದೆ, ಗಂಟಲು ಕೀಳುವಷ್ಟು ಕರೆದೆ. ಎದುರುಮನೆ ಬೆಟ್ಟಮ್ಮ ಬಂದಳು, ಅವಳ ಸೊಸೆ ಬಂದಳು, ಬೀದಿಯವರೆಲ್ಲ ಹೊರಗೆ ಬಂದು ನಿಂತಿದ್ದಾರೆ, ನೀವೊಬ್ಬರೇ ಬರಲಿಲ್ಲ. ಮೊದಲಾಗಿದ್ದರೆ ಬೇಕಂತಲೇ ಬಾಗಿಲು ತೆಗೀಲಿಲ್ಲ ಅಂದುಕೊಂಡು ಮುಂದಿನ ಬಸ್ಸಿಗೆ ತಿರುಗಿ ಹೋಗ್ತಿದ್ದೆ. ಕಾಗದವನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಜಗಲಿಯ ಮೇಲೆ ಕೂರ್ತೀನಿ. ಎಷ್ಟು ಹೊತ್ತಾದರೂ ಕೂತಿರ್ತೀನಿ. ಓದಿದ್ದಾಯ್ತಲ್ಲ, ಎದ್ದು ಬಾಗಿಲು ತೆಗೀರಿ.